ಬಾಯಾರು ಬಿಟ್ಟ ಚೌಕ

ಚರ್ಚಿನಲ್ಲಿ ನಡೆದ ಸ್ಮರಣೆಯ ಕೂಟದಲ್ಲಿ ಮೂವರು ಮಾತಾಡಿದರು. ಮೊದಲನೆಯವರು ಬಾಯಾರನ್ನು ಶಿಸ್ತಿನ ಸಿಪಾಯಿ ಎಂದರು. ಎರಡನೆಯವರು ತ್ಯಾಗಮಯಿ ಎಂದರು. ಮೂರನೆಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅವರು ಯಾರ ಮೇಲೂ ಒಂದೇ ಒಂದು ದಿನ ಮನಸ್ಸಿನಲ್ಲಿ ಕಹಿ ಇಟ್ಟುಕೊಂಡವರಲ್ಲ ಎಂದರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ನನಗೆ ಸಿಟ್ಟೇ ಬಂತು. ಹೋದವರ ಬಗ್ಗೆ ಒಳ್ಳೆಯದನ್ನೇ ಆಡಬೇಕು, ಒಪ್ಪುತ್ತೇನೆ. ಆದರೆ ಅವತ್ತು ಹೊಗಳಿಸಿಕೊಂಡ ಹೆಂಗಸು ಯಾರೋ ಬೇರೆ. ನನಗೆ ಗೊತ್ತಿದ್ದ ಬಾಯಾರು ಒಡಹುಟ್ಟಿದ ತಂಗಿಯ ಮೇಲೆ ಹದಿನಾಲ್ಕು ವರ್ಷ ಸಿಟ್ಟು ಇಟ್ಟುಕೊಂಡಿದ್ದರು. ಅದನ್ನು ಕೆಳಗಿಳಿಸಲು ಅವರು ಪಟ್ಟ ಪಾಡನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದನ್ನು ತೆಗೆದುಬಿಟ್ಟರೆ ಅವರಲ್ಲಿ ಹೇಳುವಂಥದ್ದು ಏನು ಉಳಿಯಿತು?

ಹೆಸರು ಬರೆಯುವುದಿಲ್ಲ. ತಮ್ಮ ಹೆಸರು ಅಚ್ಚಿನಲ್ಲಿ ಕಂಡರೆ ಅವರಿಗೆ ಮೈಮೇಲೆ ಹುಳ ಹರಿದಂತಾಗುತ್ತಿತ್ತು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆಲ್ಲ ಬಾಯಾರು ಎನ್ನುತ್ತೇವೆ. ಅವರು ಹುಡುಗಿಯರ ಶಾಲೆಯಲ್ಲಿ ಹೊಲಿಗೆ, ಕಸೂತಿ ಕಲಿಸಿ ನಿವೃತ್ತರಾದವರು. ನಾನು ಇನ್ನೊಂದು ಶಾಲೆಯಲ್ಲಿ ಗಣಿತ ಕಲಿಸುವವಳು. ಕೆಲಗೇರಿ ಕೆರೆಯ ಹತ್ತಿರ ಒಂದೇ ಕಂಪೌಂಡಿನಲ್ಲಿ ಎರಡು ಸಣ್ಣ ಮನೆ. ಒಂದರಲ್ಲಿ ಅವರು ಮೊದಲಿಂದಲೂ ಇದ್ದರು, ಇನ್ನೊಂದಕ್ಕೆ ನಾನು ಬಾಡಿಗೆಗೆ ಬಂದೆ. ನಾನು ಲಿಂಗವಂತರ ಮನೆಯವಳು, ಅವರು ಕ್ರೈಸ್ತರು. ಇಬ್ಬರೂ ಒಬ್ಬೊಬ್ಬರೇ ಇದ್ದೆವಾದ್ದರಿಂದ ಚಹಾ ಮಾತ್ರ ಬೇಗನೆ ಒಂದೇ ಪಾತ್ರೆಯಲ್ಲಿ ಆಗತೊಡಗಿತು.

ಧಾರವಾಡದಲ್ಲಿ ನಳದ ನೀರು ಯಾವಾಗ ಬರುತ್ತದೆಂದು ಯಾರೂ ಹೇಳಲಾರರು. ಬಂತೆಂದರೆ ಓಣಿಗೆ ಓಣಿಯೇ ಎದ್ದು ಓಡುತ್ತದೆ. ನಾನು ಬಂದ ಮೊದಲ ವಾರ ಬೆಳಗಿನ ಆರೂವರೆಗೆ ನೀರು ಬಂತು. ಬಾಯಾರ ಬಾಗಿಲು ಅರ್ಧ ತೆರೆದಿತ್ತು. “ಬಾಯಾರ, ನೀರ ಬಂದಾವ್ರಿ!” ಎಂದು ಕೂಗುತ್ತ ಒಳಗೆ ನುಗ್ಗಿದೆ. ಅವರು ಹೊಲಿಗೆ ಮಶೀನಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಮಶೀನಿನ ಮೇಲೆ ಗೋಡೆಗೆ ಒರಗಿಸಿದ ದೊಡ್ಡದೊಂದು ಚಿತ್ರ. ಆ ಚಿತ್ರದ ಮೇಲೆ ಬಿಳಿ ಬಟ್ಟೆಯೊಂದನ್ನು ಹೊದಿಸಿದ್ದರು. ಬಟ್ಟೆಯ ನಡುವೆ ಅಂಗೈ ಅಗಲದ ಒಂದು ಚೌಕವನ್ನು ಕತ್ತರಿಸಿ, ನಾಲ್ಕೂ ಅಂಚಿಗೆ ಗುಂಡಿಯ ಕಾಜಾಕ್ಕೆ ಹಾಕುವಂಥ ಹೊಲಿಗೆ ಹಾಕಿದ್ದರು. ಆ ಕಿಟಕಿಯೊಳಗೆ ಮಣ್ಣುಬಣ್ಣದ ಏನೋ ಕಾಣುತ್ತಿತ್ತು. ಬಾಯಾರು ನನ್ನ ಕಡೆ ತಿರುಗದೆ ಒಂದು ಬೆರಳೆತ್ತಿ ತಡೆ ಎಂದರು. ನೀರು ಬಂದರೂ ಏಳದ ಹೆಂಗಸನ್ನು ಈ ಊರಲ್ಲಿ ನಾನು ಕಂಡದ್ದು ಅದೇ ಮೊದಲು.

ಎರಡು ನಿಮಿಷ ಬಿಟ್ಟು ಮೆಲ್ಲಗೆ ಕೇಳಿದೆ, “ಏನ್ ನೋಡಾಕತ್ತೀರ್ರಿ?”

“ಹಿಮ್ಮಡಿ.”

“ಯಾರದ್ರಿ?”

“ಮನಿಗೆ ತಿರುಗಿ ಬಂದಾಂವಂದು. ನೋಡಿಲ್ಲೆ, ಹೆಂಗ ಒಡದೈತಿ. ಎಷ್ಟ ದೂರ ನಡದಿರಬೇಕು ಅಂವಾ.”

ನಾನೂ ಬಗ್ಗಿ ನೋಡಿದೆ. ನಿಜ, ಒಂದು ಹಿಮ್ಮಡಿ. ಬಿರುಕಿನೊಳಗೆ ಧೂಳು ಕೂತಿತ್ತು. ಆಮೇಲೆ ಇಬ್ಬರೂ ಕೊಡ ಹಿಡಿದು ಓಡಿದೆವು. ಶಾಲೆಗೆ ಹೋಗುವಾಗ ಬಸ್ಸಿನಲ್ಲಿ ಕೂತವರ ಮುಖ ನನಗೆ ಕಾಣಲಿಲ್ಲ. ಸಾಲಾಗಿ ಹಿಮ್ಮಡಿಗಳೇ ಕಂಡವು. ಕಾಯಿಪಲ್ಲೆಯ ಬುಟ್ಟಿ ಹಿಡಿದಿದ್ದ ಹೆಂಗಸಿನ ಹಿಮ್ಮಡಿ ಚಿತ್ರದಲ್ಲಿದ್ದವನದಕ್ಕಿಂತ ಹೆಚ್ಚು ಒಡೆದಿತ್ತು. ಅವತ್ತಿಡೀ ದಿನ ಹೀಗೆಯೇ ಹೋಯಿತು. ಸಂಜೆ ಹೋಗಿ ದೂರಿದೆ. ಬಾಯಾರು ಬಾಯ್ತುಂಬ ನಕ್ಕರು.

“ಹಂಗಾದ್ರ ನೀನೂ ಪ್ರಾರ್ಥನಿ ಮಾಡೀದಿ ಬಿಡು,” ಎಂದರು.

ಆ ಬಟ್ಟೆಯ ಕಿಟಕಿ ಅವರ ಕಸೂತಿ ತರಗತಿಯಿಂದ ಬಂದದ್ದು. ಕಸೂತಿಯಲ್ಲಿ ಮೊದಲೇ ಗೆರೆ ಬರೆದುಕೊಳ್ಳುವಂತಿಲ್ಲ, ಎಳೆ ಎಣಿಸಿಯೇ ಹೊಲಿಯಬೇಕು. ಹುಡುಗಿಯರು ಮಾದರಿಯ ಹಾಳೆ ನೋಡುತ್ತ ನೋಡುತ್ತ ಅಂದದ ಭಾಗಕ್ಕೆ ಹಾರಿಬಿಡುತ್ತಿದ್ದರಂತೆ. ಗೋಪುರದ ಬುಡ ಮುಗಿಯುವ ಮೊದಲೇ ಕಳಸದ ಮೇಲೆ ಕಣ್ಣು. ಅದಕ್ಕೆಂದೇ ಬಾಯಾರು ಇಂಥ ಕಿಟಕಿ ಹೊಲಿದು ಹಾಳೆಯ ಮೇಲೆ ಹೊದಿಸಿ, ಇವತ್ತು ಇಷ್ಟೇ ಎನ್ನುತ್ತಿದ್ದರು. ಪ್ರಾರ್ಥನೆಯಲ್ಲಿ ತಮ್ಮ ಮನಸ್ಸೂ ಹೀಗೆಯೇ ಹಾರುತ್ತದೆಂದು ಕಂಡುಕೊಂಡ ಮೇಲೆ ಅದೇ ಔಷಧವನ್ನು ತಮಗೂ ಕುಡಿಸಿಕೊಂಡರು. ಕಣ್ಣು ಮುಚ್ಚಿದರೆ ಅವರಿಗೆ ಕಾಣುತ್ತಿದ್ದದ್ದು ಒಲೆಯ ಮೇಲಿಟ್ಟ ಹಾಲು, ಬಾರದ ಧೋಬಿ, ನಿವೃತ್ತಿಯ ಕಾಗದಪತ್ರ. ಕಣ್ಣು ತೆರೆದು ಒಂದು ಚೌಕ ನೋಡುತ್ತ ಕೂತರೆ ಆ ಚೌಕವಾದರೂ ಇರುತ್ತಿತ್ತು.

ಶುರು ಮಾಡುತ್ತಿದ್ದದ್ದು ಕೆಳಗಿನ ಎಡ ಮೂಲೆಯಿಂದ. “ಮೊದಲ ನೆಲ, ಆಮ್ಯಾಲೆ ಮನಷ್ಯಾರು, ಆಮ್ಯಾಲೆ ಆಕಾಶ,” ಎನ್ನುತ್ತಿದ್ದರು. ಕಿಟಕಿಯಲ್ಲಿ ಕಂಡದ್ದನ್ನು ಸುಮ್ಮನೆ ನೋಡುವುದು. ಅದೇನೆಂದು ತಮ್ಮಷ್ಟಕ್ಕೆ ಹೇಳಿಕೊಳ್ಳುವುದು. ಅದರಿಂದ ಯಾರ ನೆನಪು ಬಂತೋ ಅವರಿಗಾಗಿ ಬೇಡಿಕೊಳ್ಳುವುದು. ಅಷ್ಟೇ. ಕೈ ಮುಗಿಯುತ್ತಿರಲಿಲ್ಲ, ಹೂವಿಲ್ಲ, ಮೋಂಬತ್ತಿಯಿಲ್ಲ. ಚಪ್ಪಲಿ ಹಿಡಿದುಕೊಂಡು ನಿಂತ ಆಳಿನ ಬೆರಳು ಬಂದ ದಿನ, ಶಾಲೆಯಲ್ಲಿ ಮೂವತ್ತು ವರ್ಷ ಗಂಟೆ ಬಾರಿಸಿದವನ ಹೆಸರು ಹಿಡಿದು ಬೇಡಿಕೊಂಡರು. ನಾಯಿಯ ಬಾಲ ಬಂದ ದಿನ ಸ್ವಲ್ಪ ಹೊತ್ತು ಯೋಚಿಸಿ, “ಇವತ್ತ ಯಾರಿಗೂ ಏನೂ ಕೇಳಂಗಿಲ್ಲ, ಬರೇ ಖುಷಿ ಆಗಿರೂದು,” ಎಂದರು. ಕೆಲವು ಚೌಕಗಳಲ್ಲಿ ಬರೀ ಮಣ್ಣು ಅಥವಾ ಬರೀ ಗೋಡೆ. ಅಂಥ ದಿನ ನನಗೆ ಬೇಸರ, ಅವರಿಗೆ ಹಬ್ಬ.

“ಏನೂ ಇಲ್ಲದ ಚೌಕದಾಗನ ಪ್ರಾರ್ಥನಿ ಛಲೋ ಆಗ್ತೈತಿ ನೋಡವಾ.”

ನಾನು ಆ ಹೊತ್ತಿಗೆ ಅಲ್ಲಿ ಕೂತಿರುವುದು ಅಭ್ಯಾಸವಾಯಿತು. ಕ್ರಿಸ್ತನ ಬಗ್ಗೆ ನನಗೆ ಪಾಠದ ಪುಸ್ತಕದಲ್ಲಿದ್ದಷ್ಟೇ ಗೊತ್ತಿತ್ತು, ಅದಕ್ಕಿಂತ ಹೆಚ್ಚು ಬೇಕೆಂದು ಅವರೂ ಒತ್ತಾಯ ಮಾಡಲಿಲ್ಲ. ನಮ್ಮ ಅಜ್ಜಿ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ರೆಪ್ಪೆ ಮಿಟುಕಿಸದೆ ನೋಡುತ್ತ ಕೂರುತ್ತಿದ್ದಳು. ಆಗ ಮನೆಯಲ್ಲಿ ಪಾತ್ರೆಯ ಸದ್ದು ಮಾಡಿದರೂ ಬೈಗುಳ ತಿನ್ನಬೇಕಿತ್ತು. ಬಾಯಾರ ಮನೆಯ ಬೆಳಗು ನನಗೆ ಅದನ್ನೇ ನೆನಪಿಸುತ್ತಿತ್ತು. ಕೆರೆಯ ಕಡೆಯ ಕಿಟಕಿಯಿಂದ ಬಿಸಿಲು ನಿಧಾನ ಬಂದು ಮೊದಲು ಮಶೀನಿನ ಗಾಲಿಗೆ ತಗಲುವುದು, ಆಮೇಲೆ ಬಟ್ಟೆಯ ಅಂಚಿಗೆ. ಒಂದು ತೋಳಿನ ನೀಲಿ ಬಣ್ಣವನ್ನೇ ನೋಡುತ್ತ ಕೂತರೆ ಅದು ಅಂಗಿಯ ತೋಳೋ ಕೆರೆಯ ನೀರೋ ತಿಳಿಯದಂತಾಗುತ್ತಿತ್ತು. ನನ್ನಂಥ ಗಡಬಡೆಯ ಹೆಂಗಸು ಒಂದು ನೀಲಿಯ ಮುಂದೆ ಅರ್ಧ ತಾಸು ಸುಮ್ಮನಿದ್ದೆ ಎಂದರೆ ನಮ್ಮ ಮನೆಯವರೇ ನಂಬುವುದಿಲ್ಲ. ಆ ನೀಲಿಯನ್ನು ತಲೆಯಲ್ಲಿಟ್ಟುಕೊಂಡೇ ತರಗತಿಗೆ ಹೋಗಿ ಸಮೀಕರಣ ಬಿಡಿಸುತ್ತಿದ್ದೆ. ಅಂಥ ದಿನ ಮಕ್ಕಳನ್ನು ಬೈಯುವುದು ಮರೆತುಹೋಗುತ್ತಿತ್ತು.

ಅವರ ಚರ್ಚಿನವರಲ್ಲಿ ಚಿತ್ರಗಳ ಬಳಕೆ ಅಷ್ಟಾಗಿ ಇಲ್ಲ. ಅಲ್ಲಿಯವರ ಮನೆಗಳ ಗೋಡೆಯ ಮೇಲೆ ಬೈಬಲ್ ವಾಕ್ಯದ ಫಲಕ ಇರುತ್ತದೆ, ಅಷ್ಟೇ. ಬಾಯಾರ ಹತ್ತಿರ ನಾಲ್ಕು ಚಿತ್ರಗಳಿದ್ದವು, ನಾಲ್ಕನ್ನೂ ಮಂಚದ ಕೆಳಗೆ ಹಳೆಯ ಸೀರೆಯಲ್ಲಿ ಸುತ್ತಿಟ್ಟಿರುತ್ತಿದ್ದರು. ಹೊಸದಾಗಿ ಬಂದ ಪಾದ್ರಿಗಳು ಒಮ್ಮೆ ಅವು ಹೊರಗಿದ್ದಾಗ ಮನೆಗೆ ಬಂದವರು, ಇದೆಲ್ಲ ಯಾಕೆ ಬೇಕು ಎಂದು ನಯವಾಗಿ ಕೇಳಿದರು.

“ಅಯ್ನೋರ, ನೀವು ಚಷ್ಮಾ ಹಾಕ್ಕೊಂಡು ಬೈಬಲ್ ಓದ್ತೀರಿ. ಚಷ್ಮಾಕ್ಕ ಕೈ ಮುಗೀತೀರೇನು?” ಎಂದರು ಬಾಯಾರು.

ಪಾದ್ರಿಗಳು ಒಳ್ಳೆಯವರು, ನಕ್ಕುಬಿಟ್ಟರು. ಆದರೆ ಅಷ್ಟರಲ್ಲಿ ಅವರ ಕಣ್ಣು ಇನ್ನೊಂದು ಚಿತ್ರದ ಮೇಲೆ ಬಿತ್ತು. ಅದು ಸಮುದ್ರದ ಬಿರುಗಾಳಿಯಲ್ಲಿ ಸಿಕ್ಕ ದೋಣಿಯ ಚಿತ್ರ. ಅದರ ಕಟ್ಟು ಹಾಕಿಸಲು ಬಾಯಾರು ಹುಬ್ಬಳ್ಳಿಯ ದುರ್ಗದಬೈಲಿಗೆ ಹೋಗಿದ್ದರು. ಅಲ್ಲಿಯ ಫ್ರೇಮಿನ ಅಂಗಡಿಯ ಚಾಚಾ ಲಕ್ಷ್ಮೀ, ಬಸವಣ್ಣ, ಕಾಬಾ ಎಲ್ಲಕ್ಕೂ ಒಂದೇ ಭಕ್ತಿಯಿಂದ ಗಾಜು ಕೂಡಿಸುವವರು. ದೇವರ ಚಿತ್ರವೆಂದು ತಿಳಿದು, ಕೇಳದೆಯೇ ಮೇಲೆ ಹಾರದ ಕೊಕ್ಕೆ ಹಾಕಿ, ಸುತ್ತ ಮಿಣುಕು ದೀಪದ ಸರವನ್ನೂ ಕೂಡಿಸಿದ್ದರು. ಅಷ್ಟು ಪ್ರೀತಿಯಿಂದ ಮಾಡಿದ್ದನ್ನು ಬಿಚ್ಚಿಸಲು ಬಾಯಾರಿಗೆ ಮನಸ್ಸು ಬರಲಿಲ್ಲ. ಪಾದ್ರಿಗಳು ದೀಪದ ಸರವನ್ನೇ ನೋಡುತ್ತ ನಿಂತದ್ದು ಕಂಡು, “ಬಿರುಗಾಳಿ ಅಲ್ರಿ ಅಯ್ನೋರ, ಮಿಂಚು ಬ್ಯಾಡೇನು?” ಎಂದರು. ಅವತ್ತಿನಿಂದ ಚಿತ್ರಗಳ ಮಾತನ್ನು ಆ ಪಾದ್ರಿಗಳು ಎತ್ತಲಿಲ್ಲ.

ನಾನು ಬಂದ ವರ್ಷದ ಕ್ರಿಸ್‌ಮಸ್ ಮಧ್ಯಾಹ್ನ ಅವರ ಮನೆಯಲ್ಲೇ ಊಟಕ್ಕೆ ಕೂತಿದ್ದೆ. ಅವರ ಫೋನು ರಿಂಗಣಿಸತೊಡಗಿತು. ಬಾಯಾರು ಫೋನನ್ನು ನೋಡಿದರು, ಎತ್ತಲಿಲ್ಲ. ಅದು ನಿಲ್ಲುವವರೆಗೂ ನನ್ನ ತಟ್ಟೆಗೆ ಒಂದರ ಮೇಲೊಂದು ಕರ್ಚೀಕಾಯಿ ಹಾಕುತ್ತಲೇ ಇದ್ದರು.

“ಯಾರ್ರಿ ಅದು?”

“ಯಾರೂ ಅಲ್ಲ. ನೀ ತಿನ್ನು.”

ಮರುವರ್ಷವೂ ಅದೇ ದಿನ, ಹೆಚ್ಚುಕಡಿಮೆ ಅದೇ ಹೊತ್ತಿಗೆ ಫೋನು ರಿಂಗಣಿಸಿತು. ಆಗಲೂ ಎತ್ತಲಿಲ್ಲ. ನಾನೂ ಕೇಳಲಿಲ್ಲ.

ನಾನು ಮೊದಲ ವಾರ ಕಂಡ ಹಿಮ್ಮಡಿಯ ಚಿತ್ರವನ್ನು ಅವರು ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳಿಗೆಂದೇ ಇಟ್ಟಿದ್ದರು. ಆ ದಿನಗಳನ್ನು ಲೆಂಟ್ ಎನ್ನುತ್ತಾರೆ. ಭಾನುವಾರಗಳನ್ನು ಬಿಟ್ಟು ಎಣಿಸಿದರೆ ಸರಿಯಾಗಿ ನಲವತ್ತು. ಚಿತ್ರ ಕಿಟಕಿಯ ಅಳತೆಗೆ ಎಂಟು ಚೌಕ ಉದ್ದ, ಐದು ಚೌಕ ಎತ್ತರ. “ನಾ ಅಳದು ತಂದದ್ದಲ್ಲವಾ, ತಾನ ಕೂಡಿ ಬಂತು,” ಎಂದು ಅದರ ಬಗ್ಗೆ ಅವರಿಗೆ ಸಣ್ಣ ಹೆಮ್ಮೆಯಿತ್ತು. ಭಾನುವಾರದ ಶಾಲೆಯವರು ಹಳತಾಯಿತೆಂದು ಎಸೆದಿದ್ದ ಚಿತ್ರಪಟ ಅದು. ತಪ್ಪಿಹೋದ ಮಗನ ಕಥೆ. ಒಬ್ಬ ತಂದೆಗೆ ಇಬ್ಬರು ಮಕ್ಕಳು. ಕಿರಿಯವನು ಮನೆ ಬಿಟ್ಟು ಹೋಗಿ ಎಲ್ಲ ಹಾಳುಮಾಡಿಕೊಂಡು ಹರಕು ಬಟ್ಟೆಯಲ್ಲಿ ತಿರುಗಿ ಬರುತ್ತಾನೆ. ತಂದೆ ಓಡಿ ಹೋಗಿ ಅವನನ್ನು ತಬ್ಬಿಕೊಂಡು ಮನೆಯಲ್ಲಿ ಹಬ್ಬ ಮಾಡಿಸುತ್ತಾನೆ. ಚಿತ್ರದಲ್ಲಿ ತಂದೆ ತಬ್ಬಿಕೊಂಡಿದ್ದ, ಆಳುಗಳು ಹೊಸ ಬಟ್ಟೆ, ಚಪ್ಪಲಿ ತಂದಿದ್ದರು, ನಾಯಿ ಬಾಲ ಅಲ್ಲಾಡಿಸುತ್ತಿತ್ತು.

ಕಥೆಯ ಇನ್ನರ್ಧ ಬಾಯಾರು ನನಗೆ ಹೇಳಿರಲಿಲ್ಲ. ನನಗೆ ಅದು ಗೊತ್ತೂ ಇರಲಿಲ್ಲ.

ಮೊದಲ ಎರಡು ವರ್ಷ ನನಗೇನೂ ಅನಿಸಲಿಲ್ಲ. ನಲವತ್ತನೆಯ ದಿನ ಶನಿವಾರ. ಚರ್ಚು ತೊಳೆಯುವುದಿದೆ ಎಂದು ಬಾಯಾರು ಬೆಳಗ್ಗೆಯೇ ಹೊರಟುಬಿಡುತ್ತಿದ್ದರು. ಮೂರನೆಯ ವರ್ಷ ನಾನು ಮೊದಲ ಚೌಕದಿಂದಲೇ ಕೂತಿದ್ದೆ, ಗಣಿತದವಳ ಚಾಳಿಗೆ ಎಣಿಸುತ್ತಲೂ ಬಂದೆ. ಮೂವತ್ತೊಂಬತ್ತಾಯಿತು. ಮರುದಿನ ಶನಿವಾರ ಹೋದರೆ ಮಶೀನಿನ ಮೇಲೆ ಏನೂ ಇಲ್ಲ. ಚಿತ್ರ ಆಗಲೇ ಸೀರೆ ಸುತ್ತಿಕೊಂಡು ಮಂಚದ ಕೆಳಗೆ ಸೇರಿತ್ತು. ಬಾಯಾರು ಅಕ್ಕಿ ಆರಿಸುತ್ತಿದ್ದರು.

“ಬಾಯಾರ, ಇನ್ನೊಂದ ಚೌಕ ಉಳೀತಲ್ರಿ. ಮ್ಯಾಲೆ, ಬಲಗಡೆ ಮೂಲಿ.”

“ಅಲ್ಲೇನೂ ಇಲ್ಲವಾ. ಬರೇ ಆಕಾಶ.”

“ಏನೂ ಇಲ್ಲದ ಚೌಕದಾಗನ ಪ್ರಾರ್ಥನಿ ಛಲೋ ಆಗ್ತೈತಿ ಅಂತಿದ್ರಿ?”

ಅವರು ಅಕ್ಕಿಯೊಳಗಿನ ಒಂದು ಕಲ್ಲನ್ನು ಹೆಕ್ಕಿ ಬದಿಗಿಟ್ಟರು. ಅಲ್ಲಿಗೆ ಬಿಟ್ಟಿದ್ದರೆ ನಾನು ಜಾಣಳಾಗುತ್ತಿದ್ದೆ. ಲೆಕ್ಕ ಪೂರ್ತಿ ಮಾಡದೆ ಬಿಟ್ಟರೆ ನನಗೆ ಕೈ ಕಡಿಯುತ್ತದೆ. ಮಂಚದ ಕೆಳಗೆ ಕೈ ಹಾಕಿ ಚಿತ್ರವನ್ನು ಎಳೆದು, ಸೀರೆ ಬಿಚ್ಚಿ, ಬಟ್ಟೆಯ ಕಿಟಕಿಯನ್ನು ನಾನೇ ಆ ಮೂಲೆಗೆ ಹಿಡಿದೆ. ಮುಕ್ಕಾಲು ಆಕಾಶವೇ ಇತ್ತು. ಅದರ ಕೆಳಗೆ, ದೂರದಲ್ಲಿ, ಹೊಲದ ಕಡೆಯ ಗೇಟು. ಗೇಟಿನ ಹೊರಗೆ ಹೆಬ್ಬೆರಳಿನಷ್ಟೆತ್ತರದ ಒಬ್ಬ ಮನುಷ್ಯ, ಮನೆಗೆ ಬೆನ್ನು ತಿರುಗಿಸಿ ಕೈ ಕಟ್ಟಿಕೊಂಡು ನಿಂತಿದ್ದ.

“ಇಲ್ಲೊಬ್ಬ ಇದ್ದಾನಲ್ರಿ!” ಎಂದೆ, ಕಳ್ಳನನ್ನು ಹಿಡಿದವಳ ಹಾಗೆ.

ಬಾಯಾರ ಕೈ ಅಕ್ಕಿಯ ಮೇಲೆ ನಿಂತಿತು.

“ನೀ ಈಗ ನಿನ್ನ ಮನಿಗೆ ಹೋಗು,” ಎಂದರು.

ಮರುದಿನ ಈಸ್ಟರ್. ಬಾಯಾರು ಚರ್ಚಿಗೆ ಹೋದದ್ದನ್ನು ಕಿಟಕಿಯಿಂದ ಕಂಡೆ, ತಿರುಗಿ ಬಂದದ್ದನ್ನೂ ಕಂಡೆ. ನನ್ನ ಬಾಗಿಲಿಗೆ ಬರಲಿಲ್ಲ. ಆ ವಾರವೆಲ್ಲ ಅವರ ಬಾಗಿಲು ಮುಚ್ಚಿಯೇ ಇತ್ತು. ನೀರು ಬಂದ ದಿನ ಹೊರಗಿನಿಂದಲೇ ಕೂಗಿದೆ. ಅವರು ಬಂದು, ಕೊಡ ತುಂಬಿಕೊಂಡು, ಮಾತಿಲ್ಲದೆ ಒಳಗೆ ಹೋದರು. ನಾನು ಒಬ್ಬಳೇ ಚಹಾ ಮಾಡಿಕೊಂಡು ಅರ್ಧ ಕುಡಿದು ಚೆಲ್ಲುತ್ತಿದ್ದೆ. ಏನು ತಪ್ಪು ಮಾಡಿದೆನೆಂದು ಪೂರ್ತಿ ತಿಳಿದಿರಲಿಲ್ಲ. ಆದರೆ ಇನ್ನೊಬ್ಬರು ಮುಚ್ಚಿಟ್ಟಿದ್ದನ್ನು ಎಳೆದು ತೆಗೆದೆ ಎಂಬ ನಾಚಿಕೆ ಹಗಲೆಲ್ಲ ಕುಟುಕುತ್ತಿತ್ತು.

ಮುಂದಿನ ಭಾನುವಾರ ಸಂಜೆ ಕಂಪೌಂಡಿನಲ್ಲಿ ಅವರ ದನಿ ಕೇಳಿತು. “ಲೆಕ್ಕದವ್ವಾ, ಬಾ ಇಲ್ಲೆ.”

ಹೋದೆ. ಚಿತ್ರ ಮಶೀನಿನ ಮೇಲಿತ್ತು. ಕಿಟಕಿ ನಾನು ಹಿಡಿದ ಮೂಲೆಯಲ್ಲೇ ಇತ್ತು.

“ಒಂಬತ್ತ ದಿನ ಆತು ನೋಡಾಕ ಹತ್ತಿ. ಅಂವಾ ಒಳಗ ಹೋಗವಲ್ಲ,” ಎಂದರು ಬಾಯಾರು.

ಆಗ ಕಥೆಯ ಉಳಿದರ್ಧ ಹೇಳಿದರು. ಗೇಟಿನಲ್ಲಿದ್ದವನು ಹಿರಿಯ ಮಗ. ಮನೆಯಲ್ಲೇ ಉಳಿದು, ಹೊಲದಲ್ಲಿ ದುಡಿದು, ಒಂದು ಮಾತಿಗೂ ಎದುರಾಡದವನು. ಅಂದು ಹೊಲದಿಂದ ಬರುವಾಗ ಹಾಡು, ಕುಣಿತ ಕೇಳಿತು. ತಮ್ಮ ಬಂದಿದ್ದಾನೆಂದು ತಿಳಿದದ್ದೇ ಸಿಟ್ಟು ಮಾಡಿಕೊಂಡು ಹೊರಗೇ ನಿಂತ. ತಂದೆ ಹೊರಗೆ ಬಂದು ಬೇಡಿಕೊಂಡ. ಕಥೆ ಅಲ್ಲಿಗೇ ನಿಲ್ಲುತ್ತದೆ. ಅವನು ಒಳಗೆ ಹೋದನೋ ಇಲ್ಲವೋ ಯಾರೂ ಬರೆದಿಲ್ಲ.

ಆಮೇಲೆ ಇನ್ನೊಂದನ್ನು ಹೇಳಿದರು. ಅದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ.

“ಅವ್ವಗ ಲಕ್ವಾ ಹೊಡದಿತ್ತು. ಮಾತ ಹೋಗಿದ್ವು, ಕಣ್ಣಷ್ಟ ಇದ್ವು. ಹಾಸಿಗಿ ಎದರಿಗೆ ಗ್ವಾಡಿಗೆ ಒಂದ ಚಿತ್ರಾ ಹಾಕಿದ್ದೆ, ಕುರಿಮರಿ ಹೊತ್ತ ಕುರುಬಂದು. ದಿನಾ ಅದನ್ನ ನೋಡಾಕಿ. ನೋಡೂದ ಆಕಿ ಪ್ರಾರ್ಥನಿ ಆಗಿತ್ತು. ನನ್ನ ತಂಗಿ ಹುಬ್ಬಳ್ಳ್ಯಾಗ ಆಗಷ್ಟ ಒಂದ ಹೊಸಾ ಪ್ರಾರ್ಥನಾ ಕೂಟಕ್ಕ ಹೋಗಾಕ ಹತ್ತಿದ್ಲು. ಚಿತ್ರಾ ಅಂದ್ರ ವಿಗ್ರಹ, ವಿಗ್ರಹ ಇದ್ದ ಮನ್ಯಾಗಿಂದ ಬ್ಯಾನಿ ಹೋಗಂಗಿಲ್ಲ ಅಂತ ಅಲ್ಲೆ ಹೇಳಿದ್ರಂತ. ನಾ ಸಾಲಿಗೆ ಹೋದಾಗ ಬಂದ್ಲು. ಚಿತ್ರಾ ತಗದು ಬಚ್ಚಲ ಒಲಿಯಾಗ ಹಾಕಿದ್ಲು. ನಾ ಬರೂದ್ರಾಗ ಬೂದಿ. ಆಮ್ಯಾಲೆ ಅವ್ವ ನಾಕ ದಿನ ಇದ್ಲು. ನಾಕೂ ದಿನ ಬರೇ ಮೊಳೀ ನೋಡ್ಕೋತ ಇದ್ಲು.”

ಕೆರೆಯ ಕಡೆಯಿಂದ ಯಾರೋ ದನ ಹೊಡೆದುಕೊಂಡು ಹೋಗುವ ಸದ್ದು ಬರುತ್ತಿತ್ತು.

“ಮಂಚದ ಕೆಳಗ ಇನ್ನೂ ನಾಕ ಚಿತ್ರಾ ಇದ್ವು. ಒಂದ ತಗದು ಆ ಮೊಳೀಗೆ ಹಾಕಬೇಕಂತ ನನಗ ಹೊಳೀಲೇ ಇಲ್ಲ ನೋಡು. ಅಷ್ಟ ಸಿಟ್ಟು. ಆಕಿ ಮ್ಯಾಲಿನ ಸಿಟ್ಟಿನ್ಯಾಗ ನನಗ ಅವ್ವನ ಕಣ್ಣ ಕಾಣಲೇ ಇಲ್ಲ.”

ನನಗೆ ಅಳು ಬಂತು. ಅವರು ಅಳಲಿಲ್ಲ. ಕ್ರಿಸ್‌ಮಸ್ ಮಧ್ಯಾಹ್ನದ ಫೋನು ಯಾರದೆಂದು ಆಗ ತಿಳಿಯಿತು.

“ನಾಳೆ ನಿನಗ ಸೂಟಿ ಐತೇನು? ಒಬ್ಬಾಕಿನ ಹೋದ್ರ ಅರ್ಧ ದಾರ್‍ಯಾಗಿಂದ ತಿರುಗಿ ಬರ್ತೇನಿ ನಾನು.”

ಅವರ ಭಯ ಸುಳ್ಳಾಗಲಿಲ್ಲ. ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತವರು ಅರ್ಧ ದಾರಿಯ ನವನಗರ ಬರುತ್ತಲೇ ಎದ್ದು ನಿಂತು, “ಇಲ್ಲೇ ಇಳಿಯೂಣು. ಆಕಿ ಮನ್ಯಾಗ ಇರ್ತಾಳೋ ಇಲ್ಲೋ,” ಎಂದರು. ನಾನು ಅವರ ಸೆರಗನ್ನು ಹಿಡಿದು ಕೂಡಿಸಿದೆ. ಎಪ್ಪತ್ತರ ಹೆಂಗಸು ಸಣ್ಣ ಹುಡುಗಿಯ ಹಾಗೆ ಮುಖ ಸಣ್ಣದು ಮಾಡಿಕೊಂಡು ಕೂತರು. ಹೊರಗೆ ಗಿಡಗಳು, ಕಟ್ಟಡಗಳು, ಸೇತುವೆ ಹಿಂದಕ್ಕೆ ಹೋಗುತ್ತಿದ್ದವು. ಗಾಜಿನ ಮೇಲೆ ಬಿಸಿಲು ಎಷ್ಟಿತ್ತೆಂದರೆ ನನಗೆ ಎಲ್ಲವೂ ಕನಸಿನಲ್ಲಿ ನಡೆಯುತ್ತಿರುವಂತೆ ಅನಿಸಿತು. ಬಾಯಾರ ತುಟಿ ಮಾತ್ರ ಅಲುಗುತ್ತಲೇ ಇತ್ತು. ಪ್ರಾರ್ಥನೆಯೋ, ತಂಗಿಗೆ ಆಡಬೇಕಾದ ಮಾತಿನ ತಾಲೀಮೋ, ಕೇಳುವ ಧೈರ್ಯ ನನಗಿರಲಿಲ್ಲ.

ರೈಲ್ವೆ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಸಣ್ಣ ಮನೆ. ಬಾಗಿಲು ತೆರೆದಿತ್ತು. ಬಾಯಾರು ಹೊಸ್ತಿಲಿನಿಂದ ನಾಲ್ಕು ಮಾರು ದೂರದಲ್ಲೇ ನಿಂತುಬಿಟ್ಟರು. ಕರೆಯಲಿಲ್ಲ. ಚಪ್ಪಲಿ ಬಿಡಲಿಲ್ಲ. ನಾನೇ, “ಯಾರರ ಅದೀರೇನ್ರಿ?” ಎಂದು ಕೂಗಿದೆ.

ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ ಹೆಂಗಸು ಅಕ್ಕನನ್ನು ಕಂಡು ಅಲ್ಲೇ ನಿಂತರು. ಅವರು ಬಾ ಎನ್ನಲಿಲ್ಲ. ಏಪ್ರಿಲ್ಲಿನ ಕಾದ ಫರ್ಸಿಕಲ್ಲಿನ ಮೇಲೆ ಬರಿಗಾಲಲ್ಲಿ ತಾವೇ ನಡೆದು ಅಕ್ಕನ ಮುಂದೆ ಬಂದರು.

“ಅಕ್ಕಾ.”

ಹದಿನಾಲ್ಕು ವರ್ಷದ ಮೇಲೆ ಬಾಯಾರು ಆಡಿದ ಮೊದಲ ಮಾತು ಇದು: “ಚಿತ್ರಾ ಯಾಕ ಸುಟ್ಟಿ?”

“ಅವ್ವ ಉಳೀಲಿ ಅಂತ ಸುಟ್ಟೆ.”

“ಉಳೀಲಿಲ್ಲ ಆಕಿ.”

“ಇಲ್ಲ.”

“ಮೊಳೀ ನೋಡ್ಕೋತ ಹ್ವಾದ್ಲು.”

“ಗೊತ್ತೈತಿ ಅಕ್ಕಾ. ನಾ ದಿನಾ ಕಣ್ಣ ಮುಚ್ಚಿದ್ರ ಮೊದಲ ಆ ಮೊಳೀನ ಕಾಣ್ತೈತಿ. ಆಮ್ಯಾಲೆ ದೇವ್ರು.”

ಬಾಯಾರು ತಂಗಿಯನ್ನು ನೋಡಿದರು. ಇಷ್ಟು ವರ್ಷ ಆ ಮೊಳೆ ತಮ್ಮೊಬ್ಬರದೇ ಎಂದುಕೊಂಡಿದ್ದರು.

“ನಾನೂ ಬ್ಯಾರೆ ಚಿತ್ರಾ ಹಾಕಲಿಲ್ಲ. ಮನ್ಯಾಗ ನಾಕ ಇದ್ವು,” ಎಂದರು. ತಂಗಿ ಕೆಳಗೆ ಬಗ್ಗಿ ಅಕ್ಕನ ಚಪ್ಪಲಿಯ ಪಟ್ಟಿ ಬಿಚ್ಚಿದರು. ಬಾಯಾರು ಬಿಚ್ಚಗೊಟ್ಟರು.

ಒಳಗೆ ಗೋಡೆಗಳು ತಿಳಿ ಹಸಿರು, ಒಂದು ಗಡಿಯಾರವೂ ಇರಲಿಲ್ಲ. ಮೂವರೂ ಚಾಪೆಯ ಮೇಲೆ ಕೂತೆವು. ಕಡೆಗೆ ತಂಗಿಯೇ ಅಂಜುತ್ತ, “ಪ್ರಾರ್ಥನಿ ಮಾಡೂಣೇನು ಅಕ್ಕಾ?” ಎಂದರು. ಬಾಯಾರು ಹೂಂ ಎಂದರು. ತಂಗಿ ಕಣ್ಣು ಬಿಗಿಯಾಗಿ ಮುಚ್ಚಿ, ತಮ್ಮ ಕೂಟದವರ ಹಾಗೆ ದನಿಯೆತ್ತಿ, ಅಳುತ್ತ, ಅಕ್ಕನ ಹೆಸರು ಹಿಡಿದು ಪ್ರಾರ್ಥಿಸತೊಡಗಿದರು. ನಾನು ಕಣ್ಣು ಮುಚ್ಚಬೇಕೋ ಬೇಡವೋ ತಿಳಿಯದೆ ಬಾಯಾರನ್ನು ನೋಡಿದೆ. ಅವರ ಕಣ್ಣು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಹೋಯಿತು. ನಿಲ್ಲಲು ಅಲ್ಲೆಲ್ಲೂ ಜಾಗ ಸಿಗಲಿಲ್ಲ. ತಿರುಗಿ ಬಂದು ತಂಗಿಯ ಮುಖದ ಮೇಲೆ ನಿಂತಿತು. ನರೆತ ಕೂದಲು, ಹುಬ್ಬಿನ ಮೇಲಿನ ಹಳೆಯ ಗಾಯದ ಗುರುತು, ಕೆನ್ನೆಯ ಮೇಲೆ ಇಳಿಯುತ್ತಿದ್ದ ನೀರು, ಒಂದನ್ನೂ ಬಿಡದೆ, ಅವಸರವಿಲ್ಲದೆ ನೋಡುತ್ತ ಕೂತರು.

ತಂಗಿ ಆಮೆನ್ ಎಂದು ಕಣ್ಣು ತೆರೆದರು. ಅಕ್ಕ ತಮ್ಮನ್ನೇ ನೋಡುತ್ತಿರುವುದು ಕಂಡು ನಾಚಿಕೊಂಡು ಸೆರಗಿನಿಂದ ಮುಖ ಒರೆಸಿಕೊಳ್ಳಹೋದರು. ಬಾಯಾರು ಆ ಕೈಯನ್ನು ಹಿಡಿದು ಕೆಳಗಿಳಿಸಿದರು.

“ಇನ್ನೊಮ್ಮಿ ಕಣ್ಣ ಮುಚ್ಚವಾ,” ಎಂದರು. “ನಂದಿನ್ನೂ ನೋಡೂದ ಮುಗಿದಿಲ್ಲ.”

ತಂಗಿ ಏನೂ ಕೇಳದೆ ಮತ್ತೆ ಕಣ್ಣು ಮುಚ್ಚಿದರು.